ಮಹಡಿಗೆ ಕೇಳಿಸುವ ಎಂಜಿನ್

೪ ಮಾರ್ಚ್, ಮಂಗಳವಾರ

ಈ ಡೈರಿ ಬಿಡಿಭಾಗದ ಅಂಗಡಿಯವನು ಹೊಸ ವರ್ಷಕ್ಕೆ ಬಿಟ್ಟಿ ಕೊಟ್ಟಿದ್ದು. ಇವತ್ತು ಬೆಳಿಗ್ಗೆ ಹೆಂಡತಿ ಇದನ್ನು ತಂದು ನನ್ನ ಎದೆಯ ಮೇಲಿಟ್ಟಳು. "ಕಿರುಚಬೇಕು ಅನ್ನಿಸಿದಾಗೆಲ್ಲ ಇದರಲ್ಲಿ ಬರೀರಿ. ಬೀದಿಯವರಿಗೆಲ್ಲ ಕೇಳಿಸೋದು ಬೇಡ," ಎಂದು ಹೇಳಿ ಕೆಳಗಿಳಿದು ಹೋದಳು. ಉತ್ತರಕ್ಕೂ ಕಾಯಲಿಲ್ಲ. ನಾನು ಎದ್ದು ಹಿಂದೆ ಹೋಗುವ ಹಾಗಿಲ್ಲವಲ್ಲ.

ಎಡಗಾಲಿಗೆ ತೊಡೆಯಿಂದ ಬೆರಳಿನ ತನಕ ಪ್ಲಾಸ್ಟರ್. ಮಂಡಿಚಿಪ್ಪು ಒಡೆದಿದೆ, ಅದರ ಕೆಳಗಿನ ಮೂಳೆ ಮುರಿದಿದೆ. ಇಷ್ಟು ವರ್ಷ ಗ್ಯಾರೇಜು ನಡೆಸಿ, ಲಾರಿಗಳ ಅಡಿಯಲ್ಲಿ ಮಲಗಿ ಎದ್ದು ಬಂದವನು ಕೊನೆಗೆ ಬಿದ್ದದ್ದು ಗಾಡಿಯಡಿ ನಿಂತು ಕೆಲಸ ಮಾಡಲೆಂದು ನಾನೇ ತೋಡಿಸಿದ ಗುಂಡಿಗೆ. ಗಿರಾಕಿಯೊಬ್ಬರು ಕಾರನ್ನು ಗುಂಡಿಯ ಮೇಲಕ್ಕೆ ತರುತ್ತಿದ್ದರು. ಎದುರಿಗೆ ನಿಂತು "ಬನ್ನಿ, ಬನ್ನಿ, ಇನ್ನೂ ಬನ್ನಿ" ಎಂದು ಕೈಬೀಸುತ್ತ ನಾನು ಹಿಂದಕ್ಕೆ ಹೆಜ್ಜೆ ಹಾಕಿದೆ. ಅವರು ಸರಿಯಾಗಿಯೇ ಬಂದರು.

ಮನೆ ಇರುವುದು ಗ್ಯಾರೇಜಿನ ಮೇಲೆ. ಹತ್ತಲು ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ನಡುವೆ ಒಂದು ತಿರುವು. ಆಸ್ಪತ್ರೆಯಿಂದ ಬಂದ ದಿನ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತಂದರು. ತಿರುವಿನಲ್ಲಿ ಕುರ್ಚಿ ಸಿಕ್ಕಿಹಾಕಿಕೊಂಡು, ಅವರಲ್ಲೊಬ್ಬನ ಬೆನ್ನು ಹಿಡಿದುಕೊಂಡು ದೊಡ್ಡ ರಂಪವೇ ಆಯಿತು. ಇಳಿಸುವುದಕ್ಕೆ ಮಾತ್ರ ಕರೆಯಬೇಡಿ ಎಂದು ಹೇಳಿಯೇ ಹೋದರು.

ಹಾಗಾಗಿ ಈ ಕೋಣೆ. ತಗಡಿನ ಮಾಡು; ಬಿಸಿಲೇರಿದರೆ ಒಲೆಯೊಳಗೆ ಕೂತ ಹಾಗೆ. ಒಂದು ಕಿಟಕಿ. ಅದರಿಂದ ಅಂಗಳದಲ್ಲಿ ನಿಂತ ವಾಹನಗಳ ನೆತ್ತಿ ಕಾಣುತ್ತದೆ, ಅಷ್ಟೇ. ಮಂಚದ ಪಕ್ಕದಲ್ಲಿ ಇವಳ ಹೊಲಿಗೆ ಮಷಿನ್. ಅದು ಮೊದಲು ಕೆಳಗಿನ ಮುಂದಿನ ಕೋಣೆಯಲ್ಲಿತ್ತು. ಟಯರ್ ಇಡಲು ಜಾಗ ಬೇಕಾದಾಗ ನಾನೇ ಮೇಲಕ್ಕೆ ಸಾಗಿಸಿದೆ. ಬಟ್ಟೆ ಹೊಲಿಸಲು ಮೆಟ್ಟಿಲು ಹತ್ತಿ ಬರುವವರು ಕಡಿಮೆಯಾದರು, ಇವಳೂ ಬಿಟ್ಟಳು. ಈಗ ನನ್ನ ಊಟದ ತಟ್ಟೆ ಇಡಲು ಅನುಕೂಲವಾಗಿದೆ.

ಕೆಲಸಕ್ಕಿದ್ದವನು ನಾನು ಬಿದ್ದ ವಾರದಲ್ಲೇ ಭಾಮೈದನ ಸರ್ವಿಸ್ ಸೆಂಟರಿಗೆ ಸೇರಿಕೊಂಡ. ಸಣ್ಣಪುಟ್ಟ ಕೆಲಸ ತಾನೇ ಮಾಡುತ್ತೇನೆಂದು ಇವಳು ಕೆಳಗೆ ಕೂತಿದ್ದಾಳೆ. ಪಂಕ್ಚರ್, ಆಯಿಲ್ ಬದಲಿ, ಅಂಥವು. ಇವಳಿಗೆ ಸ್ಪ್ಯಾನರಿನ ಯಾವ ತುದಿ ಯಾವುದೆಂದು ಗೊತ್ತಿದ್ದರೆ ಹೆಚ್ಚು.

೬ ಮಾರ್ಚ್, ಗುರುವಾರ

ನರ್ಸಮ್ಮನ ಕಾರು ಮತ್ತೆ ಬಂತು. ನೋಡುವ ಮೊದಲೇ ಗೊತ್ತಾಯಿತು. ಬೆಲ್ಟಿನ ಆ ಕೀರಲು ದನಿ, ಆಮೇಲೆ ಕುದಿಯುವ ನೀರಿನ ಬುಸ್ಸೆನ್ನುವ ಸದ್ದು. ಬಾನೆಟ್ಟಿನ ಸಂದಿಯಿಂದ ಆವಿ ಎದ್ದು ನನ್ನ ಕಿಟಕಿಯ ತನಕ ಬಂತು.

ಈಕೆ ಊರಾಚೆಯ ಮನೆಮನೆಗೆ ಹೋಗಿ ಗಾಯ ಕಟ್ಟಿ, ಸೂಜಿ ಹಾಕಿ ಬರುವವಳು. ರಕ್ತ ಹೆಪ್ಪುಗಟ್ಟದಿರಲಿ ಎಂದು ನನ್ನ ಹೊಟ್ಟೆಗೆ ಸೂಜಿ ಚುಚ್ಚುವವಳೂ ಇವಳೇ. ಕಾರಿಲ್ಲದೆ ಅವಳ ಕೆಲಸ ನಡೆಯುವುದಿಲ್ಲ.

ಕಿಟಕಿಯಿಂದ ಕೂಗಿದೆ. "ನಿಂತಾಗ ಬಿಸಿಯೋ, ಓಡುವಾಗ ಬಿಸಿಯೋ, ಕೇಳು."

"ಓಡುವಾಗ," ಎಂದಳು ಹೆಂಡತಿ. "ಊರೊಳಗೆ ಏನೂ ಇಲ್ವಂತೆ. ಹೆದ್ದಾರಿಯಲ್ಲಿ ಜೋರಾಗಿ ಹೋದ್ರೆ ಬಿಸಿ ತೋರಿಸೋ ಮುಳ್ಳು ಮೇಲಕ್ಕೆ ಹೋಗುತ್ತಂತೆ. ನಿಧಾನ ಮಾಡಿದ್ರೆ ಇಳಿಯುತ್ತಂತೆ."

ರೇಡಿಯೇಟರ್ ಬಿಚ್ಚಿ ತೊಳೆದದ್ದು ನಾನು. ಥರ್ಮೋಸ್ಟಾಟ್ ಬದಲಿಸಿದ್ದು, ಮುಚ್ಚಳ ಬದಲಿಸಿದ್ದು ನಾನು. ಎಲ್ಲ ಬೀಳುವ ಮುಂಚೆ, ಕೈಯಾರೆ. ನಾನು ಮಾಡಿದ ಕೆಲಸದಲ್ಲಿ ಲೋಪ ಇರುವುದಿಲ್ಲ. ಉಳಿದದ್ದು ಒಂದೇ.

"ಹೆಡ್ ಗ್ಯಾಸ್ಕೆಟ್," ಎಂದು ಹೇಳಿದೆ.

"ಹಾಗಂದ್ರೆ ಏನಣ್ಣ?" ನರ್ಸಮ್ಮ ತಲೆ ಮೇಲೆತ್ತಿ ಕೇಳಿದಳು.

"ಎಂಜಿನ್ನಿನ ತಲೆಗೂ ಮೈಗೂ ನಡುವೆ ಒಂದು ತೆಳು ಹಾಳೆ ಇರುತ್ತಮ್ಮ. ಅದು ಸುಟ್ಟುಹೋದ್ರೆ ಒಳಗಿನ ಬೆಂಕಿಗಾಳಿ ಎಲ್ಲ ನೀರಿಗೆ ನುಗ್ಗುತ್ತೆ. ತಲೆ ಬಿಚ್ಚಬೇಕು."

"ಯಾರು ಬಿಚ್ತಾರೆ?" ಎಂದಳು ಹೆಂಡತಿ.

ನಾನು ಕಿಟಕಿಯಿಂದ ತಲೆ ಒಳಗೆಳೆದುಕೊಂಡೆ.

೯ ಮಾರ್ಚ್, ಭಾನುವಾರ

ಭಾಮೈದ ಬಂದಿದ್ದ. ಒಂದು ಚೀಲ ಹಣ್ಣು, ಇಸ್ತ್ರಿ ಮಾಡಿದ ಅಂಗಿ. ಉಗುರು ಬೆಳ್ಳಗೆ; ಮೆಕ್ಯಾನಿಕ್ಕನ ಉಗುರು ಹಾಗಿರುವುದಿಲ್ಲ.

"ಭಾವ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದು ಹೆಡ್ ಗ್ಯಾಸ್ಕೆಟ್ಟೇ. ನಾಳೆ ಗಾಡಿ ಕಳಿಸ್ತೀನಿ, ಎಳೆದುಕೊಂಡು ಹೋಗ್ಲಿ. ನಮ್ಮಲ್ಲಿ ಜನ ಇದ್ದಾರೆ, ಯಂತ್ರ ಇದೆ."

ಆಮೇಲೆ ಮಾತು ಬೇರೆ ಕಡೆ ತಿರುಗಿತು. ಈ ಜಾಗ ಮುಖ್ಯರಸ್ತೆಗೆ ಹತ್ತಿರ. ಅವನ ಸೆಂಟರಿನ ಬೋರ್ಡು ಇಲ್ಲಿ ಹಾಕಿದರೆ ನನಗೂ ನಿಶ್ಚಿಂತೆ. ನಾನು ಮೇಲೆ ಆರಾಮಾಗಿ ಕೂತಿರಬಹುದು. "ಹೇಗೂ ಇನ್ನು ನೀವು ಗುಂಡಿಗೆ ಇಳಿಯೋದು..." ಎಂದವನು ಅಕ್ಕನ ಮುಖ ನೋಡಿ ಅಲ್ಲಿಗೇ ನುಂಗಿಕೊಂಡ.

ನನಗೆ ಮೈಯೆಲ್ಲ ಉರಿಯಿತು. ಆದರೆ ಏನು ಹೇಳುವುದು? ಹೆಡ್ ಗ್ಯಾಸ್ಕೆಟ್ ಎಂದವನು ನಾನೇ. ತಲೆ ಬಿಚ್ಚಬೇಕೆಂದವನು ನಾನೇ. ಇಲ್ಲಿ ಬಿಚ್ಚುವ ಕೈಯಿಲ್ಲ. ಕಾರು ಅವನಲ್ಲಿಗೆ ಹೋಗಬೇಕು. ಒಂದು ಕಾರು ಹೋದರೆ ಅದರ ಬೆನ್ನಿಗೇ ಉಳಿದ ಗಿರಾಕಿಗಳೂ ಹೋಗುತ್ತಾರೆ. ನನ್ನ ಮಾತೇ ನನ್ನ ಕೈ ಕಟ್ಟಿಹಾಕಿತು.

ಹೆಂಡತಿ ಚಹಾದ ಲೋಟ ಎತ್ತಿಕೊಳ್ಳುತ್ತ, "ಕಾರು ಇಲ್ಲಿಂದ ಹೋಗಲ್ಲ," ಎಂದಳು.

"ಯಾಕಕ್ಕಾ?"

"ಪರೀಕ್ಷೆ ಆಗಿಲ್ಲ. ನೋಡದೆ ಬಿಚ್ಚೋದು ಕಟುಕರ ಕೆಲಸ ಅಂತ ನಿಮ್ಮ ಭಾವನೇ ಹೇಳೋದು."

ನಾನು ಅದನ್ನು ಹೇಳುತ್ತಿದ್ದದ್ದು ಕೆಲಸದವರಿಗೆ. ಅವನು ಹೋದ ಮೇಲೆ, ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

"ಕೆಳಗೆ ಆಡಿದ ಮಾತೆಲ್ಲ ಈ ಕಿಟಕಿಗೆ ಕೇಳಿಸುತ್ತೆ," ಎಂದಳು. "ಇಷ್ಟು ವರ್ಷ ಇಲ್ಲಿ ಕೂತಿದ್ದು ಯಾರು?"

೧೧ ಮಾರ್ಚ್, ಮಂಗಳವಾರ

ಪರೀಕ್ಷೆ ಮಾಡಿಸಿದೆ. ನಾನು ಮೇಲಿನಿಂದ ಹೇಳುವುದು, ಇವಳು ಕೆಳಗೆ ಮಾಡುವುದು. ಬೀದಿಯಲ್ಲಿ ನಾಲ್ಕು ಜನ ನಿಂತು ಸಿನಿಮಾ ನೋಡಿದ ಹಾಗೆ ನೋಡಿದರು.

"ಎಂಜಿನ್ ತಣ್ಣಗಿದೆಯಾ? ಮುಚ್ಚಳ ತೆಗಿ. ಸ್ಟಾರ್ಟ್ ಮಾಡು. ನೀರಿನಲ್ಲಿ ಗುಳ್ಳೆ ಬರ್ತಿದೆಯಾ?"

"ಇಲ್ಲ."

"ಸರಿಯಾಗಿ ನೋಡು."

"ನೋಡಿದೆ. ಇಲ್ಲ."

"ಸೈಲೆನ್ಸರಿನಿಂದ ಬಿಳಿ ಹೊಗೆ?"

"ಇಲ್ಲ."

ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ಕೇಳಿದೆ. ಇವಳು ಆಯಿಲ್ ಅಳೆಯುವ ಕಡ್ಡಿಯನ್ನು ಬಟ್ಟೆಯ ಮೇಲಿಟ್ಟುಕೊಂಡು ಮಹಡಿಗೇ ತಂದಳು. ಬೆರಳಿಗೆ ಹಚ್ಚಿ ಉಜ್ಜಿದೆ, ಮೂಸಿದೆ. ಶುದ್ಧವಾಗಿತ್ತು. ಎಷ್ಟು ದಿನವಾಗಿತ್ತು ಆ ವಾಸನೆ ಮೂಗಿಗೆ ಬಿದ್ದು. ಕಡ್ಡಿ ವಾಪಸ್ ಕೊಡಲು ಮನಸ್ಸಾಗಲಿಲ್ಲ. ಇವಳು ನಾನು ಇನ್ನೊಮ್ಮೆ ಮೂಸುವ ತನಕ ಕಾದು, ಆಮೇಲೆ ತೆಗೆದುಕೊಂಡು ಹೋದಳು.

ಗುಳ್ಳೆ ಬಂದೇ ಇರುತ್ತದೆ. ಇವಳಿಗೆ ನೋಡಲು ತಿಳಿದಿಲ್ಲ.

೧೩ ಮಾರ್ಚ್, ಗುರುವಾರ

ವಾಟರ್ ಪಂಪ್ ಇರಬಹುದು ಎಂದು ರಾತ್ರಿಯೆಲ್ಲ ಅನ್ನಿಸಿತ್ತು. ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿ ಪಂಪಿನ ಮೇಲಿಟ್ಟು ಹಿಡಿ ಕಿವಿಗೆ ಒತ್ತಿಕೋ ಎಂದೆ. "ಸೆರಗು, ಜಡೆ ಎಲ್ಲ ಬಿಗಿ ಮಾಡಿಕೊಂಡು ಬಗ್ಗು. ಬೆಲ್ಟಿಗೆ ಕಣ್ಣಿಲ್ಲ." ಇವಳು ಜಡೆ ಸುತ್ತಿ ಗಂಟು ಹಾಕಿದಳು. ಸೀರೆಯ ಮೇಲೆ ನನ್ನ ಹಳೆಯ ಅಂಗಿ ತೊಟ್ಟಿದ್ದಳು. ಮೇಲಿನಿಂದ ನೋಡಿದರೆ ನಾನೇ ಬಗ್ಗಿದಂತಿತ್ತು.

"ಏನು ಕೇಳಿಸುತ್ತೆ?"

"ಎಣ್ಣೆ ಹಾಕಿದ ಹೊಲಿಗೆ ಮಷಿನ್ ತರ. ಒಂದೇ ಸಮ."

"ಅದೇನು ಉತ್ತರ? ಗರಗರ ಅನ್ನುತ್ತೋ ಇಲ್ವೋ ಹೇಳು."

"ಬೇರಿಂಗ್ ಹೋದ ಮಷಿನ್ ಹೇಗೆ ಕೂಗುತ್ತೆ ಅಂತ ನನಗೆ ಗೊತ್ತು. ಇದು ಕೂಗ್ತಿಲ್ಲ."

ಪಂಪ್ ಸರಿಯಿದೆ. ಹೇಳಿದ ರೀತಿ ಸರಿಯಿಲ್ಲ, ಹೇಳಿದ್ದು ಸರಿಯಿದೆ.

ರೋಗಿಗಳು ಕಾಯುತ್ತಾರೆಂದು ನರ್ಸಮ್ಮ ಕಾರು ತೆಗೆದುಕೊಂಡು ಹೋದಳು. ನಿಧಾನಕ್ಕೆ ಓಡಿಸುತ್ತೇನೆ ಎಂದಳು. ಎಲ್ಲರೂ ಹಾಗೇ ಅನ್ನುತ್ತಾರೆ.

೧೪ ಮಾರ್ಚ್, ಶುಕ್ರವಾರ

ಸೆಕೆ. ಪ್ಲಾಸ್ಟರಿನ ಒಳಗೆ ತುರಿಕೆ. ಕಿಟಕಿಯ ಸರಳಿಗೆ ಸ್ಪ್ಯಾನರ್ ಬಡಿದು ಕರೆದೆ. "ಒಂದು ನಿಮಿಷ," ಎಂದಳು. ಕೆಳಗೆ ಯಾರ ಜೊತೆಗೋ ನಗುತ್ತಿದ್ದಳು. ಅವಳ ಒಂದು ನಿಮಿಷ ಮುಗಿಯುವಷ್ಟರಲ್ಲಿ ನೀರು ಕುಡಿಯಬೇಕೆಂಬ ಆಸೆಯೇ ಹೋಗಿತ್ತು.

೧೭ ಮಾರ್ಚ್, ಸೋಮವಾರ

ಕಾರನ್ನು ಹಾಲಿನ ವ್ಯಾನಿಗೆ ಹಗ್ಗ ಕಟ್ಟಿ ಎಳೆದು ತಂದರು. ನಡುದಾರಿಯಲ್ಲಿ ಕುದ್ದು ನಿಂತಿತ್ತಂತೆ. ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಉರಿಬಿಸಿಲಲ್ಲಿ ನಡೆದೇ ಹೋಗಿದ್ದಾಳೆ. ಒಬ್ಬ ಮುದುಕರ ಕಾಲಿನ ಗಾಯ ಬೆಳಿಗ್ಗೆ ಬಿಚ್ಚಿ ಕಟ್ಟಬೇಕಾದದ್ದು ಸಂಜೆಯಾಗಿದೆ, ಅಷ್ಟರಲ್ಲಿ ವಾಸನೆ ಹಿಡಿದಿದೆ. ಮೇಲೆ ಬಂದು ನನಗೆ ಸೂಜಿ ಹಾಕುವಾಗ ಎಂದಿನಂತೆ ಮಾತಾಡಲಿಲ್ಲ.

"ಅಣ್ಣ, ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನನಗೆ ಬೇಜಾರಿಲ್ಲ. ಶನಿವಾರದ ತನಕ ನೋಡ್ತೀನಿ, ಆಮೇಲೆ ಅಕ್ಕನ ತಮ್ಮನ ಹತ್ತಿರ ಬಿಡ್ತೀನಿ."

ನನಗೆ ಸಿಟ್ಟು ಬಂತು. ಕಾರು ನೋಡಿಕೊಳ್ಳಲು ಬರದವರಿಗೆ ಕಾರು ಯಾಕೆ ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಎದುರಾಡದೆ ನನ್ನ ಕಾಲ್ಬೆರಳು ಒತ್ತಿ ನೋಡಿದಳು, ಅಲ್ಲಾಡಿಸಿ ಎಂದಳು, ಆಸ್ಪತ್ರೆಯ ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದಳು. ಆಮೇಲೆ ಹೆಂಡತಿಯನ್ನು ಹೊರಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ಮಾತಾಡಿದಳು. ಕಾರಿನ ವಿಷಯವೇ ಇರಬೇಕು. ಈ ಕಿಟಕಿಗೆ ಕೆಳಗಿನ ಮಾತೆಲ್ಲ ಕೇಳಿಸುತ್ತದೆ, ಮೆಟ್ಟಿಲ ಮೇಲಿನದು ಕೇಳಿಸುವುದಿಲ್ಲ.

೧೮ ಮಾರ್ಚ್, ಮಂಗಳವಾರ

ನಿನ್ನೆ ಮೆಟ್ಟಿಲ ಮೇಲೆ ಏನು ಮಾತು ಎಂದು ಕೇಳಿದೆ. ತಟ್ಟೆ ಮಷಿನ್ನಿನ ಮೇಲಿಟ್ಟು, ನನ್ನ ಕಡೆ ನೋಡದೆ ಹೇಳಿದಳು. "ಮಂಡಿ ಮಡಚೋದು ಕಷ್ಟ ಆಗಬಹುದಂತೆ. ಪೂರ್ತಿ ಮಡಚೋದು."

ನರ್ಸಮ್ಮ ಏನು ಡಾಕ್ಟರೇ?

ಗುಂಡಿಗೆ ಇಳಿಯಲು ಮಂಡಿ ಮಡಚಲೇಬೇಕು. ಕಾರಿನಡಿ ತೂರಲು ಮಡಚಬೇಕು. ಎಲ್ಲದಕ್ಕೂ ಮಡಚಬೇಕು.

ಊಟ ಮಾಡಲಿಲ್ಲ.

೧೯ ಮಾರ್ಚ್, ಬುಧವಾರ

ಮಧ್ಯಾಹ್ನ ನಿದ್ದೆಯಿಂದ ಎಚ್ಚರಾದದ್ದು ಎಂಜಿನ್ನಿನ ಸದ್ದಿಗೆ. ನರ್ಸಮ್ಮನ ಕಾರು. ಯಾರೋ ರೇಸ್ ಮಾಡುತ್ತಿದ್ದರು. ನಾನು ಮಾಡಿ ಎಂದು ಹೇಳಿರಲಿಲ್ಲ. ನನ್ನನ್ನು ಕೇಳಿಯೂ ಇರಲಿಲ್ಲ.

ಮೊಣಕೈ ಊರಿ ಎದ್ದು ನೋಡಿದೆ. ಬಾನೆಟ್ ತೆರೆದಿತ್ತು. ಹೆಂಡತಿ ಟಾರ್ಚ್ ಹಿಡಿದು ಸೊಂಟದ ತನಕ ಒಳಗೆ ಬಗ್ಗಿದ್ದಳು. ಡ್ರೈವರ್ ಸೀಟಿನಲ್ಲಿ ನರ್ಸಮ್ಮ.

"ಇನ್ನೂ ಕೊಡಿ," ಎಂದಳು ಇವಳು. ಎಂಜಿನ್ ಗುಡುಗಿತು. "ಇನ್ನೂ. ಹೆದ್ದಾರಿಯಲ್ಲಿ ಓಡಿಸೋ ಹಾಗೆ ಕೊಡಿ." ದನಿ ಏರಿ ಏರಿ ಕಿಟಕಿಯ ಸರಳು ನಡುಗಿತು. "ಬಿಡಿ." ಇಳಿಯಿತು. "ಮತ್ತೆ ಕೊಡಿ." ಹೀಗೇ ಮೂರು ನಾಲ್ಕು ಸಲ. ಏನು ಮಾಡುತ್ತಿದ್ದೀರಿ ಎಂದು ಕೂಗಿದೆ. ಆ ಸದ್ದಿನಲ್ಲಿ ನನ್ನ ಮಾತು ಯಾರಿಗೆ ಕೇಳಬೇಕು?

ಎಂಜಿನ್ ನಿಂತಿತು. ಮೆಟ್ಟಿಲ ಮೇಲೆ ದಡದಡ ಸದ್ದು. ಇವಳು ಓಡಿಕೊಂಡು ಬಂದಳು, ಹಿಂದೆ ನರ್ಸಮ್ಮ. ಇವಳ ಕೈ ಮೊಣಕೈ ತನಕ ಕಪ್ಪು.

"ಕೆಳಗಿನ ರಬ್ಬರ್ ಹೋಸ್ ಚಪ್ಪಟೆ ಆಗುತ್ತೆ ರೀ."

"ಯಾವ ಹೋಸ್?"

"ರೇಡಿಯೇಟರಿನಿಂದ ಪಂಪಿಗೆ ನೀರು ಹೋಗುತ್ತಲ್ಲ, ಅದು. ನಿಧಾನಕ್ಕೆ ಇದ್ದಾಗ ಗುಂಡಗೇ ಇರುತ್ತೆ. ಜೋರು ಮಾಡಿದ ತಕ್ಷಣ ಅಂಟಿಕೊಳ್ಳುತ್ತೆ. ಬಿಟ್ರೆ ಮತ್ತೆ ಗುಂಡಗಾಗುತ್ತೆ."

"ಸುಳ್ಳು. ಅದನ್ನ ನಾನೇ ಮುಟ್ಟಿ ನೋಡಿದ್ದೀನಿ. ಗಟ್ಟಿಯಾಗಿದೆ."

"ನೀವು ಎಂಜಿನ್ ನಿಂತಿದ್ದಾಗ ಮುಟ್ಟಿ ನೋಡಿದ್ದೀರಿ."

"ರಕ್ತ ತೆಗೆಯೋವಾಗ ಸಿರಿಂಜ್ ಜೋರಾಗಿ ಎಳೆದ್ರೆ ನರ ಹೀಗೇ ಮುಚ್ಚಿಕೊಳ್ಳುತ್ತಣ್ಣ," ಎಂದಳು ನರ್ಸಮ್ಮ. "ಅಕ್ಕ ತೋರಿಸಿದಾಗ ನನಗೆ ನಗು ಬಂತು. ಕಾರಿಗೂ ನರ ಇದೆ ಅಂತ."

ಎಂಜಿನ್ ತಣ್ಣಗಾದ ಮೇಲೆ ಇವಳು ಆ ಹೋಸನ್ನೇ ಬಿಚ್ಚಿ ತಂದಳು. ಹೊರಗೆ ನೋಡಿದರೆ ಹೊಸದರಂತೆ. ಬಾಯಿ ಕೆಳಗೆ ಮಾಡಿ ತಟ್ಟಿದೆ. ಒಳಗಿದ್ದ ಸ್ಪ್ರಿಂಗು ತುಕ್ಕಿನ ಪುಡಿಯಾಗಿ ಹಾಸಿಗೆಯ ಮೇಲೆ ಸುರಿಯಿತು. ಹೋಸ್ ಕುಸಿಯದಿರಲಿ ಎಂದೇ ಇರುವ ಸ್ಪ್ರಿಂಗು ಅದು. ಹೋಸನ್ನು ಎರಡು ಬೆರಳಲ್ಲಿ ಹಿಸುಕಿದೆ, ಅಪ್ಪಚ್ಚಿಯಾಯಿತು. ಜೋರಾಗಿ ಓಡಿಸಿದರೆ ಪಂಪು ಹೀರುತ್ತದೆ, ಹೋಸು ಮುಚ್ಚುತ್ತದೆ, ನೀರು ನಿಲ್ಲುತ್ತದೆ. ಊರೊಳಗೆ ಏನೂ ಆಗುವುದಿಲ್ಲ. ಎಲ್ಲ ಸರಿಹೊಂದುತ್ತದೆ.

ಎಂಜಿನ್ನಿನ ತಲೆ ಬಿಚ್ಚಿಸಿಬಿಡುತ್ತಿದ್ದೆ.

ಕೆಳಗಿನ ಹೋಸ್ ನೋಡು ಎಂದು ಮೊದಲ ದಿನವೇ ನಾನು ಹೇಳಿದ್ದೆ ಎಂದು ನೆನಪು. ಇವಳು ಇಲ್ಲ ಎನ್ನುತ್ತಾಳೆ.

೨೨ ಮಾರ್ಚ್, ಶನಿವಾರ

ಬಿಡಿಭಾಗದ ಅಂಗಡಿಯಿಂದ ಹೊಸ ಹೋಸ್ ಬಂತು. ಇವಳು ಹಾಕಿದಳು. ಕ್ಲಿಪ್ಪು ಎಷ್ಟು ಬಿಗಿ ಎಂದು ಕೇಳಿದ್ದಕ್ಕೆ, "ರವಿಕೆ ಹುಕ್ಕಿನಷ್ಟು," ಎಂದಳು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ನೀರು ತುಂಬಿ, ಒಳಗಿನ ಗಾಳಿ ಹೋಗುವ ತನಕ ಎಂಜಿನ್ ಓಡಿಸಿದಳು. ಊಟದ ಹೊತ್ತಿಗೆ ಇಬ್ಬರೂ ಪರೀಕ್ಷೆಗೆ ಹೊರಟರು. ಹೆದ್ದಾರಿ ಹಿಡಿದು ದೊಡ್ಡ ಏರಿನ ತುದಿಯ ತನಕ. ನರ್ಸಮ್ಮ ಓಡಿಸುವುದು, ಇವಳು ಮುಳ್ಳು ನೋಡುವುದು.

"ಬೇಗ ಬಂದುಬಿಡ್ತೀವಿ," ಎಂದಳು.

ಕಾರಿನ ಸದ್ದು ಬೀದಿಯ ತಿರುವು ದಾಟುವ ತನಕ ಕೇಳಿಸಿಕೊಂಡೆ. ಆಮೇಲೆ ಏನೂ ಇಲ್ಲ. ತಗಡು ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು. ಹೋಗಲು ಎಷ್ಟು ಹೊತ್ತು, ಬರಲು ಎಷ್ಟು ಹೊತ್ತು ನನಗೆ ಗೊತ್ತು. ಆ ಹೊತ್ತು ಕಳೆಯಿತು. ಇನ್ನಷ್ಟು ಕಳೆಯಿತು. ಬಿಸಿಲು ಕಿಟಕಿಯಿಂದ ಗೋಡೆಗೆ ಹೋಯಿತು.

ಫೋನ್ ಮಾಡಿದೆ. ಕೆಳಗೆ, ಕೆಲಸದ ಮೇಜಿನ ಮೇಲೆ, ಅವಳ ಫೋನು ಬಡಿದುಕೊಂಡಿತು. ಬಿಟ್ಟು ಹೋಗಿದ್ದಾಳೆ. ನರ್ಸಮ್ಮನ ನಂಬರು ಇದ್ದದ್ದು ಇವಳ ಫೋನಿನಲ್ಲಿ. ಮತ್ತೆ ಮಾಡಿದೆ. ಖಾಲಿ ಗ್ಯಾರೇಜಿನಲ್ಲಿ ಫೋನು ರಿಂಗಾಗುವುದನ್ನು ಕೇಳುತ್ತ ಕೂತೆ.

ತಲೆಗೆ ಇಲ್ಲದ್ದೆಲ್ಲ ಬಂತು. ಕ್ಲಿಪ್ಪು ಜಾರಿದರೆ? ಕುದಿಯುವಾಗ ಇವಳು ಮುಚ್ಚಳಕ್ಕೆ ಕೈ ಹಾಕಿದರೆ? ಬಿಸಿ ಮುಚ್ಚಳ ತೆಗೆಯಬಾರದೆಂದು ಇವಳಿಗೆ ನಾನು ಎಂದಾದರೂ ಹೇಳಿದ್ದೇನೆಯೇ? ಕೆಲಸದವರಿಗೆ ಹೇಳಿದ್ದೇನೆ. ಇವಳು ಈ ಕಿಟಕಿಯಲ್ಲಿ ಕೇಳಿಸಿಕೊಂಡಿರಬಹುದು. ಕೇಳಿಸಿಕೊಳ್ಳದೆಯೂ ಇರಬಹುದು.

ಇಳಿಯುವುದೆಂದು ತೀರ್ಮಾನಿಸಿದೆ. ಮಂಚದಿಂದ ನೆಲಕ್ಕೆ ಜಾರಿದೆ. ಕೂತಲ್ಲೇ ಹಿಂದಕ್ಕೆ ಹಿಂದಕ್ಕೆ ತೆವಳಿ ಬಾಗಿಲು ದಾಟಿದೆ. ಮೆಟ್ಟಿಲಿಗೆ ಬಂದು, ಒಂದೊಂದರ ಮೇಲೂ ಕೂತು, ಕೈ ಊರಿ, ಪ್ಲಾಸ್ಟರ್ ಕಾಲನ್ನು ಮುಂದಕ್ಕೆ ಚಾಚಿ ಇಳಿದೆ. ಬಿಸಿಲಿಗೆ ಕಾದ ಕಬ್ಬಿಣ ಕೈ ಸುಡುತ್ತಿತ್ತು. ತಿರುವಿನ ತನಕ ಬಂದೆ. ಅಲ್ಲಿ ಕಾಲು ತಿರುಗಲಿಲ್ಲ. ಮಡಚದ ಕಾಲು ಕಂಬಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಮುಂದೆ ಹೋಗಲಾರೆ. ಮೇಲಕ್ಕೆ ಹೋಗಲು ತೋಳಲ್ಲಿ ಬಲವಿಲ್ಲ. ಬೀದಿಯಲ್ಲಿ ಜನ ಹೋಗುತ್ತಿದ್ದರು. ಕರೆದಿದ್ದರೆ ಬರುತ್ತಿದ್ದರು. ಕರೆಯಲಿಲ್ಲ. ಕೆಳಗೆ ನನ್ನ ಗ್ಯಾರೇಜು, ಮೇಲೆ ನನ್ನ ಮನೆ, ಎರಡಕ್ಕೂ ಸೇರದೆ ಬಿಸಿಲಲ್ಲಿ ಕೂತೆ. ಗಂಟಲ ಪಸೆ ಆರಿತ್ತು. ಬೀದಿಯ ತಿರುವಿಗೆ ಕಿವಿ ಕೊಟ್ಟುಕೊಂಡು, ಬಂದುಹೋಗುವ ಒಂದೊಂದು ಎಂಜಿನ್ನೂ ಅದಲ್ಲ, ಅದಲ್ಲ ಎಂದುಕೊಂಡೆ.

ಕೊನೆಗೆ ಬಂತು. ಶುದ್ಧವಾದ ಸದ್ದು. ಬೆಲ್ಟು ಕೂಡ ಕಿರುಗುಟ್ಟಲಿಲ್ಲ, ಅದನ್ನೂ ಬಿಗಿ ಮಾಡಿದ್ದಾಳೆ.

ಇವಳು ಕಾರಿನಿಂದಿಳಿದು ನನ್ನನ್ನು ನೋಡಿ ಅಲ್ಲೇ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಮೆಟ್ಟಿಲು ಹತ್ತಿ ಬಂದು ನನಗಿಂತ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಮುಳ್ಳು ಎಲ್ಲಿತ್ತು?" ಎಂದು ಕೇಳಿದೆ.

"ನಡುವೆ. ಏರು ಹತ್ತುವಾಗಲೂ ಅಲ್ಲಾಡಲಿಲ್ಲ."

"ಇಷ್ಟು ಹೊತ್ತು?"

"ದಾರಿಯಲ್ಲಿ ನರ್ಸಮ್ಮ ಆ ಮುದುಕರ ಗಾಯ ನೋಡಿದ್ರು. ಆಮೇಲೆ ಏರಿನ ತುದಿಯಲ್ಲಿ ಇಳಿದು ನಿಂತ್ವಿ. ಗಾಳಿ ಇತ್ತು." ಬೀದಿಯ ತಿರುವಿನ ಕಡೆ ನೋಡುತ್ತ ಹೇಳಿದಳು. "ವಾಪಸ್ ಬರಬೇಕು ಅಂತ ಅನ್ನಿಸಲಿಲ್ಲ ನನಗೆ. ಇನ್ನೂ ಮುಂದೆ ಹೋಗ್ತಾನೇ ಇರೋಣ ಅನ್ನಿಸ್ತು."

"ಮತ್ತೆ ಯಾಕೆ ಬಂದೆ?"

"ಕಾರು ನರ್ಸಮ್ಮಂದು."

ನರ್ಸಮ್ಮ ಕೆಳಗೆ ನಿಂತು ನಕ್ಕಳು. ಇವಳು ನಗಲಿಲ್ಲ. ಅದು ತಮಾಷೆಯೋ ಅಲ್ಲವೋ ನನಗೆ ಈಗಲೂ ತಿಳಿದಿಲ್ಲ.

ಮೇಲಕ್ಕೆ ಎತ್ತುವುದು ಇಬ್ಬರ ಕೈಲೂ ಆಗಲಿಲ್ಲ. "ಕೆಳಗೇ ಇಳೀರಿ," ಎಂದಳು ಇವಳು. ನರ್ಸಮ್ಮ ಕಾಲು ಎತ್ತಿ ಕಂಬಿಯ ಮೇಲಿನಿಂದ ದಾಟಿಸಿದಳು. ಇವಳು ನನ್ನ ಕಂಕುಳಿಗೆ ಕೈ ಹಾಕಿದಳು. ಅವಳ ತೋಳಿಗೆ ಇಷ್ಟು ಬಲ ಯಾವಾಗ ಬಂತೋ. ಮುಂದಿನ ಕೋಣೆಯ ಟಯರುಗಳನ್ನೆಲ್ಲ ಅಂಗಳಕ್ಕೆ ಉರುಳಿಸಿ ಅಲ್ಲೇ ಹಾಸಿಗೆ ಹಾಕಿದ್ದಾಳೆ. ಅಲ್ಲಿ ಮಲಗಿ ಬರೆಯುತ್ತಿದ್ದೇನೆ. ಟಯರು ಬಿಸಿಲಿಗೆ ಬಿದ್ದು ಹಾಳಾಗುತ್ತವೆ. ನಾಳೆ ಹೇಳಬೇಕು.

೨೫ ಮಾರ್ಚ್, ಮಂಗಳವಾರ

ಈ ಕೋಣೆಗೆ ಕಿಟಕಿ ಇದೆ, ಅದು ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಬಾಗಿಲಿನಿಂದ ವಾಹನದ ಚಕ್ರ, ಜನರ ಕಾಲು ಕಾಣುತ್ತವೆ. ತಂಪಾಗಿದೆ. ಅಷ್ಟು ಬಿಟ್ಟರೆ ಮೇಲಿದ್ದ ಹಾಗೇ.

ಭಾಮೈದ ಬಂದ. ನರ್ಸಮ್ಮನ ಕಾರಿನ ಸುದ್ದಿ ಅವನಿಗೂ ಮುಟ್ಟಿದೆ. ನನ್ನ ಪಕ್ಕದಲ್ಲಿ ಕೂತು ಬೋರ್ಡಿನ ವಿಷಯ ಮತ್ತೆ ತೆಗೆದ. ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ಬಾಗಿಲಲ್ಲಿ ನಿಂತು ಹೇಳಿದಳು. "ಬೋರ್ಡು ಇದೇ ಇರುತ್ತೆ ಕಣೋ. ನಮ್ಮ ಕೆಲಸದವನನ್ನ ಮಾತ್ರ ಕೇಳು, ವಾಪಸ್ ಬರ್ತಾನಾ ಅಂತ. ಭಾರ ಎತ್ತೋಕೆ ಒಬ್ಬರು ಬೇಕು."

ಭಾಮೈದ ನನ್ನ ಮುಖ ನೋಡಿದ. ನಾನೂ ಅದನ್ನೇ ಹೇಳುವವನಿದ್ದೆ ಎನ್ನುವ ಹಾಗೆ ತಲೆಯಾಡಿಸಿದೆ.

೨೮ ಮಾರ್ಚ್, ಶುಕ್ರವಾರ

ನರ್ಸಮ್ಮ ಸೂಜಿ ಹಾಕಿದಳು. ಮುದುಕರ ಗಾಯ ವಾಸಿಯಾಗುತ್ತಿದೆಯಂತೆ. ನನ್ನ ಮಂಡಿಯ ಬಗ್ಗೆ ನಾನೇ ಕೇಳಿದೆ. ಹೇಳಿದಳು. ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

೩೧ ಮಾರ್ಚ್, ಸೋಮವಾರ

ಟ್ಯಾಕ್ಸಿಯೊಂದು ಬಂತು. ಇದರದ್ದು ಉಲ್ಟಾ ಕಾಯಿಲೆ. ಓಡುವಾಗ ತಣ್ಣಗೆ, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ. ಟ್ಯಾಕ್ಸಿಯವನನ್ನು ಇವಳು ನಿಲ್ಲಿಸಿ ಕೇಳುವುದನ್ನು ಒಳಗಿನಿಂದ ಕೇಳಿಸಿಕೊಂಡೆ. ಎಸಿ ಹಾಕಿದಾಗ ಏನಾಗುತ್ತೆ, ಬಿಸಿಯಾದಾಗ ಮುಂದಿನಿಂದ ರೇಡಿಯೇಟರ್ ಫ್ಯಾನಿನ ಸದ್ದು ಬರುತ್ತಾ, ಯಾವಾಗಿನಿಂದ ಬರ್ತಿಲ್ಲ. ಎಸಿಯ ಪ್ರಶ್ನೆ ನಾನಾಗಿದ್ದರೆ ಆಮೇಲೆ ಕೇಳುತ್ತಿದ್ದೆ. ಮೊದಲೇ ಕೇಳುವುದೂ ಒಳ್ಳೆಯದೇ.

ನರ್ಸಮ್ಮ ಇರಲಿಲ್ಲ. ಕೆಲಸದವನು ಇನ್ನೂ ಬಂದಿಲ್ಲ. ಟ್ಯಾಕ್ಸಿಯವನು ಊಟಕ್ಕೆ ಹೋದ. ಇವಳು ಒಳಗೆ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಬಲಗಾಲು ಸರಿಯಿದೆಯಲ್ಲ ನಿಮಗೆ?"

"ಇದೆ. ಯಾಕೆ?"

"ರೇಸ್ ಕೊಡೋಕೆ ಒಬ್ಬರು ಬೇಕು. ಮುಳ್ಳನ್ನೂ ನೋಡಬೇಕು."

ಬೀದಿಯವರು ಇಬ್ಬರು ಬಂದು ಕೈ ಹಿಡಿದರು. ಡ್ರೈವರ್ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ನನ್ನನ್ನು ಕೂರಿಸಿದರು. ಪ್ಲಾಸ್ಟರ್ ಕಾಲನ್ನು ಪಕ್ಕದ ಸೀಟಿನ ಮೇಲೆ ಅಡ್ಡ ಚಾಚಿದರು. ಒಮ್ಮೆ ಕೂತ ಮೇಲೆ ನಾನಾಗಿ ಇಳಿಯುವ ಹಾಗಿಲ್ಲ. ಇದೂ ಒಂದು ಕೋಣೆಯೇ, ಇನ್ನೂ ಚಿಕ್ಕದು. ಇವಳು ಬಾನೆಟ್ ಎತ್ತಿದಳು. ಎದುರಿಗೆ ಗಾಜಿನ ತುಂಬ ತಗಡು. ಇವಳು ಕಾಣುವುದಿಲ್ಲ, ದನಿ ಮಾತ್ರ.

"ಸ್ಟಾರ್ಟ್ ಮಾಡಿ."

ಮಾಡಿದೆ. ಎಷ್ಟೋ ದಿನದ ಮೇಲೆ ಎಂಜಿನ್ನಿನ ನಡುಕ ಬೆನ್ನಿಗೆ ತಾಗಿತು. ಸುಮ್ಮನೆ ಓಡಲು ಬಿಟ್ಟು ಕಾದೆವು. ಮುಳ್ಳು ನಿಧಾನಕ್ಕೆ ಏರಿತು. "ನಡು ದಾಟಿತು," ಎಂದು ಕೂಗಿ ಹೇಳಿದೆ. ಫ್ಯಾನಿನ ಸದ್ದಿಲ್ಲ. ಫ್ಯಾನಿಗೆ ಕರೆಂಟು ಬರುವ ಜೋಡಣೆ ನೋಡು ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅಲ್ಲಿ ಏನೋ ಟಿಕ್ ಎಂದು ಬಿಚ್ಚಿದ ಸದ್ದಾಯಿತು. ಆಮೇಲೆ ಹೇಳಲು ಮರೆತೆ.

"ಸ್ವಲ್ಪ ರೇಸ್ ಕೊಡಿ."

ಕೊಟ್ಟೆ.

"ಬಿಡಿ."

ಬಿಟ್ಟೆ.

ಯಾರೋ ಬಂದರು. ಇವಳು ಅವರ ಜೊತೆ ಮಾತಿಗೆ ನಿಂತಳು. ಬ್ರೇಕಿನ ವಿಷಯ, ನಾಳೆ ತನ್ನಿ ಎನ್ನುತ್ತಿದ್ದಳು. ನನ್ನನ್ನು ಮರೆತಳೇನೋ. ಹಾರ್ನ್ ಒತ್ತಬಹುದಿತ್ತು, ಕೈ ಅದರ ಮೇಲೇ ಇತ್ತು. ಮುಳ್ಳು ಕೆಂಪಿಗೆ ಇನ್ನೂ ದೂರವಿತ್ತು. ಅದನ್ನೇ ನೋಡುತ್ತ, ಬಲಗಾಲನ್ನು ಪೆಡಲ್ಲಿನ ಮೇಲೆ ಹಗುರವಾಗಿ ಇಟ್ಟುಕೊಂಡು ಕೂತೆ.

ಬಾನೆಟ್ಟಿನ ಆಚೆಯಿಂದ ದನಿ ಬಂತು. "ಇದ್ದೀರಾ?"

"ಇದ್ದೀನಿ."

"ಹಾಂ, ಈಗ ಕೊಡಿ."

ಕೊಟ್ಟೆ.